ಯಾವ ಕಾಗದರೀ, ಸರ್?

ಗಂಗಾ, ನಿನ್ನ ಅಪ್ಪನ ತಲೆ ಕೆಟ್ಟಿರಲಿಲ್ಲ. ಆ ಕಾಗದವನ್ನು ಅವರು ನನ್ನ ಕೈಗೇ ಕೊಟ್ಟಿದ್ದರು. ನಾನು ಇಲ್ಲವೆಂದೆ. ಒಂದು ಸಲವಲ್ಲ — ಅವರು ಎಷ್ಟು ಸಲ ಕೇಳಿದರೋ ಅಷ್ಟು ಸಲವೂ ಇಲ್ಲವೆಂದೆ.

ಇದನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ನನ್ನನ್ನು ನಾನು ಬಲ್ಲೆ. ಕ್ಷೇಮಸಮಾಚಾರದಿಂದ ಶುರು ಮಾಡಿದ್ದರೆ ಅದರಲ್ಲೇ ಪತ್ರ ಮುಗಿಸುತ್ತಿದ್ದೆ. ಈಗ ನೀನು ಇಷ್ಟಕ್ಕೇ ಎದ್ದು ಹೋದರೂ ಹೇಳಬೇಕಾದದ್ದು ಹೇಳಿಯಾಗಿದೆ. ಉಳಿದಿರುವುದು ಅದು ಹೇಗಾಯಿತು ಎಂಬುದು ಮಾತ್ರ. ಅದರಲ್ಲಿ ನಿನಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ. ಇದನ್ನು ನೀನೊಬ್ಬಳೇ ಓದಬೇಕೆಂದು ನಾನು ಬರೆಯುತ್ತಿಲ್ಲ, ಅದಕ್ಕಾಗಿ ಅವನ್ನೂ ಬರೆಯುತ್ತೇನೆ. ನಿನ್ನ ಗಂಡನಿಗೆ, ಮಗಳಿಗೆ, ಯಾರಿಗೆ ಬೇಕಾದರೂ ತೋರಿಸು.

ನಮ್ಮೂರ ಹಳೆಯ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಆ ಕರಿಕಲ್ಲಿನ ಕಟ್ಟಡವನ್ನು ಜನ ವಾಚನಾಲಯ ಎನ್ನುತ್ತಿದ್ದರು. ಆದರೆ ಅದು ಬರೀ ವಾಚನಾಲಯವಾಗಿರಲಿಲ್ಲ. ಕೆಳಗೆ ಪುಸ್ತಕ, ಪತ್ರಿಕೆ. ಮೇಲೆ ಊರಿಗೆಲ್ಲ ಒಂದೇ ದೊಡ್ಡ ಹಾಲು. ಬ್ರಿಟಿಷರ ಕಾಲದಲ್ಲಿ ಊರಿನ ಇನಾಮದಾರರೊಬ್ಬರು ಕಟ್ಟಿಸಿದ್ದು. ಸಭೆ ಅಲ್ಲೇ, ಭಾಷಣ ಅಲ್ಲೇ, ಮತ ಹಾಕುವುದು ಅಲ್ಲೇ, ಮಕ್ಕಳಿಗೆ ಪೋಲಿಯೋ ಹನಿ ಅಲ್ಲೇ. ಯಾರಾದರೂ ದೊಡ್ಡವರು ತೀರಿಕೊಂಡರೆ ಫೋಟೋ ಇಟ್ಟು ಎರಡು ನಿಮಿಷ ಮೌನ ನಿಲ್ಲುವುದೂ ಅಲ್ಲೇ. ನಿನ್ನ ಅಪ್ಪ, ಮಲ್ಲಪ್ಪ ಮಾಸ್ತರರು, ಸಾಲಿಯ ನೌಕರಿ ಮುಗಿಸಿದ ಮೇಲೆ ಅದರ ಕಾರ್ಯದರ್ಶಿಯಾಗಿ ಸಂಬಳವಿಲ್ಲದೆ ದುಡಿದರು. ಪ್ರತಿದಿನ ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಕೂತು, ಓದಲು ಬಾರದ ಮುದುಕರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹತ್ತಿಯ ಧಾರಣೆಯಿಂದ ಹಿಡಿದು ದಿಲ್ಲಿಯ ಸುದ್ದಿಯವರೆಗೆ.

ನಾನು ಅಲ್ಲಿ ಸೇರಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಪುಸ್ತಕ ಕೊಡುವುದು, ತಗೊಳ್ಳುವುದು, ಹರಿದದ್ದಕ್ಕೆ ಅಂಟು ಹಚ್ಚುವುದು. ನೀನಾಗ ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದೆ. ಸಂಜೆ ಅಪ್ಪನ ಜೊತೆ ಮನೆಗೆ ಹೋಗಲು ಬಂದವಳು ಹೆಂಗಸರ ಕೋಣೆಯ ಕಿಟಕಿಯಲ್ಲಿ ಕೂತು ಓದುತ್ತಿದ್ದೆ. ನಿನ್ನ ಅವ್ವ ಇರಲಿಲ್ಲ. ಎಷ್ಟೋ ದಿನ ನಿನ್ನ ಜಡೆ ಬಿಚ್ಚಿ ಮತ್ತೆ ಹೆಣೆದಿದ್ದೇನೆ. ನನ್ನನ್ನು 'ಅಕ್ಕಾರ' ಎಂದು ಕರೆದು ರೂಢಿಯಾದದ್ದು ಆಗಲೇ.

ಇಪ್ಪತ್ತೆರಡು ವರ್ಷ ಹೀಗೇ ಹೋಯಿತು.

ಆಮೇಲೆ ಪುಣೆಯಿಂದ ನೋಟಿಸು ಬಂತು. ಇನಾಮದಾರರ ಮರಿಮಕ್ಕಳು — ಈ ಊರನ್ನು ಒಂದು ದಿನವೂ ಕಾಣದವರು — ಕಟ್ಟಡ ತಮ್ಮ ಮನೆತನದ್ದು, ಅದನ್ನು ಸೊಲ್ಲಾಪುರದ ಬಿಲ್ಡರ್ ಒಬ್ಬನಿಗೆ ಮಾರಿದ್ದೇವೆ, ದಾನಕ್ಕೆ ದಾಖಲೆ ಇದ್ದರೆ ತೋರಿಸಿ, ಇಲ್ಲವೇ ಖಾಲಿ ಮಾಡಿ ಎಂದು ಬರೆದಿದ್ದರು. ವಾಚನಾಲಯದ ಕಮಿಟಿಯ ಹತ್ತಿರ ಯಾವ ದಾಖಲೆಯೂ ಇರಲಿಲ್ಲ. ನೋಂದಣಿಯ ಹಳೆಯ ದಫ್ತರದಲ್ಲಿ ಆ ಕಾಲದ ಪುಸ್ತಕವನ್ನು ಗೆದ್ದಲು ತಿಂದು ಮುಗಿಸಿತ್ತು. ಕಮಿಟಿಯವರು ಒಬ್ಬೊಬ್ಬರೇ ಧೈರ್ಯ ಬಿಟ್ಟರು. ಮಾಸ್ತರರು ಬಿಡಲಿಲ್ಲ. ಎರಡು ತಿಂಗಳು ಗೋಡೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ, ಧೂಳಿಗೆ ಕೆಮ್ಮುತ್ತ, ಒಂದೊಂದೇ ಕಟ್ಟು ಬಿಚ್ಚಿ ನೋಡಿದರು.

ಆ ದಿನಗಳಲ್ಲೇ ಬಿಲ್ಡರ್ ಒಮ್ಮೆ ಮಧ್ಯಾಹ್ನ ಬಂದಿದ್ದ. ದಿಲೀಪಶೇಟ ಎಂದು ಹೆಸರು ಹೇಳಿಕೊಂಡ. ಮಾಸ್ತರರು ಊಟಕ್ಕೆ ಹೋಗಿದ್ದರು. ಅವನು ಟೇಪು ಹಿಡಿದು ಗೋಡೆ ಅಳೆಯುತ್ತ ಹೆಂಗಸರ ಕೋಣೆಗೆ ಬಂದು ನಿಂತ. ನಾನು ಮನೆಯಲ್ಲಿ ಮರಾಠಿ ಮಾತಾಡುವವಳೆಂದು ಯಾರೋ ಹೇಳಿದ್ದರು, ನನ್ನ ಅಜ್ಜ ಹೊರ್ತಿಯಲ್ಲಿ ಊರ ಲೆಕ್ಕ ಬರೆಯುವ ಕುಲಕರ್ಣಿಕಿ ಮಾಡಿದವರೆಂದೂ ತಿಳಿದುಕೊಂಡಿದ್ದ.

"ಗಾಳಿ ಎಷ್ಟ ಛಲೋ ಬರ್ತೈತ್ರಿ ಇಲ್ಲಿ," ಎಂದ. "ಒಬ್ಬರಿಗೆ ಸಾಕಾಗೂವಂಥಾ ಒಂದ ಮನಿ ಆಗ್ತೈತಿ ನೋಡ್ರಿ. ನಿಮ್ಮಂಥಾವ್ರಿಗೆ."

ನಾನು ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದೆ.

"ಹಳೀ ಕಾಗದ ಯಾವೂ ಇಲ್ಲಂತ ಕೇಳೇನಿ. ಇದ್ರೂ ಹಳೀ ಮರಾಠಿ ಮೋಡಿ ಅಕ್ಷರದಾಗ ಇರ್ತಾವು. ಊರಾಗ ಮೋಡಿ ಓದಾವ್ರು ನೀವೊಬ್ಬರ ಅಂತಲ್ರಿ?" ಎಂದು ನಕ್ಕ. ಅಷ್ಟೇ. ಇನ್ನೊಂದು ಮಾತಿಲ್ಲ. ನನ್ನನ್ನು ಯಾರೂ ಹೆದರಿಸಲಿಲ್ಲ, ಒತ್ತಾಯಿಸಲಿಲ್ಲ. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ.

ನಾನಾಗ ಅಣ್ಣನ ಮನೆಯಲ್ಲಿದ್ದೆ. ಅಡುಗೆಮನೆಗೂ ಹಿತ್ತಲಿಗೂ ನಡುವಿನ ಓಣಿಯಂಥ ಜಾಗದಲ್ಲಿ ನನ್ನ ಮಂಚ. ಹಿತ್ತಲಿಗೆ ಹೋಗುವವರೆಲ್ಲ ನನ್ನ ಕಾಲು ದಾಟಿಯೇ ಹೋಗಬೇಕು. ವೈನಿ, ಅಣ್ಣನ ಹೆಂಡತಿ, ಕೆಟ್ಟವಳಲ್ಲ. ಬೀಗರು ಬಂದಾಗ ಮಾತ್ರ, "ಮಾಲತಿ, ಎರಡ ದಿನಾ ನಿಮ್ಮ ಹಾಸಿಗಿ ದೇವರ ಖೋಲ್ಯಾಗ ಹಾಕ್ಕೋರಿ" ಎನ್ನುತ್ತಿದ್ದಳು. ಐವತ್ತಾರು ವರ್ಷಕ್ಕೆ ನನ್ನದೆಂದು ಮುಚ್ಚಿಕೊಳ್ಳಲು ಒಂದು ಬಾಗಿಲಿರಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ವಾಚನಾಲಯದ ವರ್ಷದ ಸಮಾರಂಭಗಳಲ್ಲಿ ಮಾಸ್ತರರು ಅತಿಥಿಗಳಿಗೆ ನನ್ನನ್ನು "ನಮ್ಮ ಪುಸ್ತಕ ಎತ್ತಿಡೂ ಹುಡುಗಿ" ಎಂದು ಪರಿಚಯಿಸುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನು ಒಳಗೇ ಇಟ್ಟುಕೊಳ್ಳುತ್ತಿದ್ದೆ. ಇವನ್ನೆಲ್ಲ ನೆಪವೆಂದು ಬರೆಯುತ್ತಿಲ್ಲ, ಗಂಗಾ. ಬಾಗಿಲಿಲ್ಲದ ಹೆಂಗಸರು ಈ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ಅವರ್ಯಾರೂ ನಾನು ಮಾಡಿದ್ದನ್ನು ಮಾಡಲಿಲ್ಲ.

ಒಂದು ಬುಧವಾರ ಮಾಸ್ತರರಿಗೆ ಕಾಗದ ಸಿಕ್ಕಿತು. ಕಪಾಟಿನ ತಳದಲ್ಲಿ ಒಂದು ತಗಡಿನ ಕೊಳವೆ, ಅದರೊಳಗೆ ಸುರುಳಿ ಸುತ್ತಿದ ದಪ್ಪ ಸ್ಟಾಂಪು ಕಾಗದ. ವಾಚನಾಲಯದಲ್ಲಿ ನಾವಿಬ್ಬರೇ ಇದ್ದೆವು.

"ಮಾಲತಿ, ಇದು ನಿಮ್ಮ ಅಜ್ಜ ಬರೀತಿದ್ದಂಥಾ ಮೋಡಿ ಅಕ್ಷರ ನೋಡವಾ. ನನಗ ತಿಳ್ಯಂಗಿಲ್ಲ," ಎಂದು ಕೈಗೆ ಕೊಟ್ಟರು.

ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಮೋಡಿ ಅಕ್ಷರವನ್ನು ಅಜ್ಜ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ತಡವರಿಸದೆ ಗಟ್ಟಿಯಾಗಿ ಓದಿ, ಸಾಲುಸಾಲಿಗೆ ಕನ್ನಡದಲ್ಲಿ ಅರ್ಥ ಹೇಳಿದೆ. ಈ ಇಮಾರತು, ಇದರ ಜಾಗ, ಊರಿನ ಸಕಲ ಜಾತಿಯ ಜನರಿಗೆ ಓದುವುದಕ್ಕೂ ಕೂಡುವುದಕ್ಕೂ ಕೊಟ್ಟದ್ದು. ನನಗಾಗಲಿ, ನನ್ನ ಮಕ್ಕಳು ಮೊಮ್ಮಕ್ಕಳಿಗಾಗಲಿ ಇನ್ನು ಇದರ ಮೇಲೆ ಹಕ್ಕಿಲ್ಲ. ಮಾಸ್ತರರು ಕುರ್ಚಿಯ ಮೇಲೆ ಕೂತುಬಿಟ್ಟರು. ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಮನೀಗೆ ಒಯ್ದು ಕನ್ನಡದಾಗ ಚಂದಾಗಿ ಬರಕೊಂಡ ಬಾ. ಶುಕ್ರವಾರ ಮೀಟಿಂಗ್ ಕರಿತೇನಿ, ವಕೀಲರೂ ಬರ್ತಾರ. ಝೆರಾಕ್ಸ್ ಮಷೀನಿಗೆ ಹಾಕೂದು ಬ್ಯಾಡ, ಮಡಿಕಿ ಹರಿದೀತು." ಎದ್ದು ಹೊರಡುತ್ತ ಅಂದರು, "ನಿನ್ನ ಕೈಯಾಗ ಇದ್ರ ನನ್ನ ಕೈಯಾಗ ಇದ್ದಂಗ."

ಎರಡು ದಿನ ಅದು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಗುರುವಾರ ಕೂತು ಪೂರ್ತಿ ಕನ್ನಡದಲ್ಲಿ ಬರೆದೆ, ಒಂದು ತಪ್ಪಿಲ್ಲದೆ, ನನ್ನ ಒಳ್ಳೆಯ ಅಕ್ಷರದಲ್ಲಿ. ಹಾಗಾದರೆ ಆಗ ಕೊಡುವ ಮನಸ್ಸಿತ್ತೇ? ಇತ್ತೇನೋ. ಅಥವಾ ಎರಡೂ ದಾರಿ ನನ್ನ ಕೈಯಲ್ಲಿವೆ ಎಂಬ ಸುಖಕ್ಕೆ ಬರೆದೆನೋ — ಇಂದಿಗೂ ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ನೀರು ಕಾಯಿಸಲು ಬಚ್ಚಲ ಒಲೆಯ ಮುಂದೆ ಕೂತಾಗ ಎರಡನ್ನೂ, ಮೂಲವನ್ನೂ ನನ್ನ ನಕಲನ್ನೂ, ಒಳಗೆ ತುರುಕಿದೆ. ನೂರು ವರ್ಷದ ಕಾಗದ, ಥಟ್ಟನೆ ಹೊತ್ತಿಕೊಂಡಿತು. ಆ ನೀರಿನಲ್ಲೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಸಭೆಗೆ ಹೋದೆ.

ಮೇಲಿನ ಹಾಲಿನಲ್ಲಿ ಏಳು ಜನ ಕಮಿಟಿಯವರು, ವಕೀಲರು, ಕಟ್ಟೆಯ ಮೇಲೆ ಸುದ್ದಿ ಕೇಳುತ್ತಿದ್ದ ಮುದುಕರಲ್ಲಿ ಕೆಲವರು. ಮಾಸ್ತರರು ಕರಿಯ ಕೋಟು ಹಾಕಿಕೊಂಡು ಬಂದಿದ್ದರು. ನಿನ್ನ ಮದುವೆಯಲ್ಲಿ ಹಾಕಿದ್ದ ಕೋಟು. ಎದ್ದು ನಿಂತು, ದಾನಪತ್ರ ಸಿಕ್ಕಿತೆಂದು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅವರು ನನ್ನ ಕಡೆ ಕೈ ಚಾಚಿದರು.

"ಕಾಗದ ಕೊಡವಾ, ಮಾಲತಿ."

ನಾನು ಅಂದೆ, "ಯಾವ ಕಾಗದರೀ, ಸರ್?"

ಅವರು ನಕ್ಕರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡರು. "ಏ, ಕೊಡ. ವಕೀಲರು ಕುಂತಾರ."

"ನೀವ್ ನನಗ ಯಾವ ಕಾಗದಾನೂ ಕೊಟ್ಟಿಲ್ರಿ."

"ಬುಧವಾರ... ಕಿಟಕಿ ಹಂತ್ಯಾಕ ನಿಂತು ಓದಿದೆಲ್ಲ..." ಎಂದು ಆ ಕಿಟಕಿ ಇರುವ ದಿಕ್ಕಿಗೆ ಕೈ ಮಾಡಿದರು. ನಾನು ತಲೆ ಅಲ್ಲಾಡಿಸಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಯಾರೂ ಕೇಳದಿದ್ದರೂ ಅಧ್ಯಕ್ಷರ ಕಡೆ ತಿರುಗಿ, ದನಿ ತಗ್ಗಿಸಿ ಅಂದೆ, "ಇತ್ತಿತ್ತಲಾಗ ಸರಗೆ ನೆನಪ ಉಳ್ಯಾಂಗಿಲ್ರಿ. ಹೋದ ವಾರ ಕೀಲಿ ಹಾಕೂದ ಮರತು ಮನೀಗೆ ಹೋಗಿದ್ರು. ನಾ ಯಾರ ಮುಂದೂ ಅಂದಿದ್ದಿಲ್ಲ."

ಕೀಲಿ ಹಾಕಲು ಮರೆತವಳು ನಾನು, ಗಂಗಾ.

ವಕೀಲರು ಮಾಸ್ತರರನ್ನು ನೋಡಿದ ನೋಟ ಬದಲಾಯಿತು — ಅದುವರೆಗೆ ಗೌರವವಿದ್ದಲ್ಲಿ ಕನಿಕರ ಬಂತು. ಒಬ್ಬರಾದ ಮೇಲೊಬ್ಬರು ಎಲ್ಲರೂ ಹಾಗೇ ನೋಡಿದರು. ಮಾಸ್ತರರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆ ಕ್ಷಣ ನನಗೆ ಭಯವಾಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಸುಖವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹಾಲಿನಲ್ಲಿ ನನ್ನ ಮಾತನ್ನು ಎಲ್ಲರೂ ನಂಬಿದ್ದರು.

ಆಮೇಲಿನದು ಬೇಗ ಬೇಗ ಆಯಿತು. ಕಟ್ಟಡದ ಮೇಲೆ ತನಗೆ ಹಕ್ಕಿಲ್ಲವೆಂದು ಕಮಿಟಿ ಬರೆದುಕೊಟ್ಟಿತು. ಪುಸ್ತಕಗಳು ಟ್ರ್ಯಾಕ್ಟರಿನಲ್ಲಿ ಹೋದವು, ಅರ್ಧ ಯಾವುದೋ ಕಾಲೇಜಿಗೆ, ಅರ್ಧ ರದ್ದಿಗೆ. ಮಾಸ್ತರರು ಆ ದಿನ ಬರಲಿಲ್ಲ. ಅವರು ಮನೆಯಲ್ಲಿ ಕಾಗದ ಹುಡುಕುತ್ತಿದ್ದರು.

ಮೊದಲಿಗೆ ಅವರು ನನ್ನ ಮೇಲೆ ಸಂಶಯಪಡಲಿಲ್ಲ, ಅದನ್ನು ನೀನು ತಿಳಿದಿರಬೇಕು. ಅಣ್ಣನ ಮನೆಗೆ ಬಂದು ಪಡಸಾಲೆಯಲ್ಲಿ ಕೂತು, "ಎಲ್ಲರೆ ಪುಸ್ತಕದಾಗ ಇಟ್ಟು ಮರತೀಯೇನ ನೋಡವಾ" ಎಂದು ಕೇಳುತ್ತಿದ್ದರು. ನಾನು ಅವರೆದುರೇ ಟ್ರಂಕು ತೆರೆದು ಒಂದೊಂದೇ ಸೀರೆ ಎತ್ತಿ ಕೊಡವಿ ತೋರಿಸಿದೆ. ವೈನಿ ಕಣ್ಣು ಒರೆಸಿಕೊಂಡಳು, ಅವರ ಸ್ಥಿತಿ ನೋಡಿ. ಒಂದು ತಿಂಗಳಾದ ಮೇಲೆ ಬಜಾರಿನ ಚಹಾದ ಅಂಗಡಿ ಮುಂದೆ ನಿಂತು, "ಆಕೀ ಕೈಯಾಗ ಕೊಟ್ಟೇನಿ, ಆಕೀನ ಮುಚ್ಚಿ ಇಟ್ಟಾಳ" ಎಂದು ಗಟ್ಟಿಯಾಗಿ ಹೇಳಿದರಂತೆ. ಆ ಸುದ್ದಿ ನನಗೆ ಮುಟ್ಟಿದಾಗ ಸಿಟ್ಟು ಬಂತು. ನಿಜವಾದ ಸಿಟ್ಟು, ಸುಳ್ಳು ಹೊರಿಸಿಕೊಂಡವರಿಗೆ ಬರುವಂಥದು! ಮನುಷ್ಯರು ಹೀಗೂ ಇರುತ್ತಾರೆ — ನಾನು ಇದ್ದೆ.

ಈಗ ಬರೆಯುವುದು ಎಲ್ಲಕ್ಕಿಂತ ಕೀಳಾದದ್ದು. ಕಟ್ಟಡ ಒಡೆಯಲು ಶುರುವಾಗುವ ಮೊದಲು ಉಳಿದ ಕೆಲವು ಕಪಾಟು ಖಾಲಿ ಮಾಡಲು ನಾನಿನ್ನೂ ಹೋಗುತ್ತಿದ್ದೆ. ಮಾಸ್ತರರೂ ಬರುತ್ತಿದ್ದರು, ಹುಡುಕಲು. ಒಂದು ದಿನ ಛತ್ರಿಯನ್ನು ಬಾಗಿಲ ಹಿಂದೆ ನಿಲ್ಲಿಸಿ ಒಳಗೆ ಹೋದರು. ನಾನು ಅದನ್ನು ಎತ್ತಿ ಮೇಲಿನ ಹಾಲಿನ ಮೂಲೆಯಲ್ಲಿಟ್ಟೆ. ಅವರು ಹೊರಡುವಾಗ ಹುಡುಕಿದರು, ಬಾಗಿಲ ಹಿಂದೆ, ಕಟ್ಟೆಯ ಮೇಲೆ, ಬೀದಿಯಲ್ಲೂ ಹೋಗಿ ನೋಡಿ ಬಂದರು. ಕೊನೆಗೆ ನಾನು ಮೇಲಿನಿಂದ ತಂದುಕೊಟ್ಟು, "ಸರ್, ಮ್ಯಾಲ ಇಟ್ಟು ಬಂದೀರಲ್ರಿ" ಎಂದೆ. "ನಾ ಮ್ಯಾಲ ಹೋಗಿದ್ನೇನ?" ಎಂದು ಕೇಳಿದರು. "ಹೋಗಿದ್ರಿ" ಎಂದೆ. ಮುಂದಿನ ವಾರ ಚಾಳೀಸಿನ ಡಬ್ಬಿಯನ್ನೂ ಹಾಗೇ ಮಾಡಿದೆ. ಬಿಲ್ಡರ್ ಇದನ್ನು ಹೇಳಿಕೊಟ್ಟಿರಲಿಲ್ಲ, ಅದರಿಂದ ನನಗೆ ಬರಬೇಕಾದದ್ದೂ ಏನೂ ಇರಲಿಲ್ಲ. ಅವರು ತಮ್ಮ ಮೇಲೆಯೇ ಸಂಶಯಪಟ್ಟರೆ ನನ್ನ ಮೇಲೆ ಸಂಶಯ ಉಳಿಯುವುದಿಲ್ಲ ಎಂಬ ಲೆಕ್ಕ. ಲೆಕ್ಕ ಸರಿಯಾಗಿತ್ತು.

ಆಗ ನೀನು ಮುದ್ದೇಬಿಹಾಳದಿಂದ ಬಂದೆ. ಭಾನುವಾರ, ಸ್ಟೀಲಿನ ಡಬ್ಬಿಯಲ್ಲಿ ಶೇಂಗಾದ ಹೋಳಿಗೆ ಹಿಡಿದುಕೊಂಡು. ನನ್ನ ಮಂಚದ ತುದಿಗೆ ಕೂತು ಎರಡೂ ಕೈ ಜೋಡಿಸಿದೆ.

"ಅಕ್ಕಾರ, ನಮ್ಮಪ್ಪ ನಿಮ್ಮ ಮ್ಯಾಲ ಕಳವಿನ ಮಾತ ಹೊರಿಸ್ಯಾನಂತ. ಅವಂಗ ಈಗ ತಿಳ್ಯಾಂಗಿಲ್ರಿ. ಅವನ ಪರವಾಗಿ ನಾ ಕೈ ಮುಗೀತೇನಿ, ತಪ್ಪ ತಿಳ್ಕೋಬ್ಯಾಡ್ರಿ."

ನಾನು ನಿನ್ನ ಕೈ ಹಿಡಿದುಕೊಂಡೆ. ಸಮಾಧಾನ ಮಾಡಿದೆ. ಛತ್ರಿಯ ಕಥೆ ಹೇಳಿದೆ, ಚಾಳೀಸಿನ ಡಬ್ಬಿಯ ಕಥೆ ಹೇಳಿದೆ, ಕೀಲಿಯ ಕಥೆಯನ್ನೂ. "ಒಬ್ಬರನ್ನ ಬಿಡಬ್ಯಾಡವಾ, ವಿಜಯಪುರದಾಗ ಛಲೋ ಡಾಕ್ಟರಿಗೆ ತೋರಸು" ಎಂದು ಹೇಳಿದವಳೂ ನಾನೇ. ನೀನು ಅತ್ತೆ. ನೀನು ಹೋದ ಮೇಲೆ ಹೋಳಿಗೆ ತಿಂದೆ. ತುಪ್ಪ ಹಾಕಿಕೊಂಡು ತಿಂದೆ.

ಡಾಕ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಸರಿಯಾಗಿ ಉತ್ತರ ಕೊಟ್ಟರೆಂದು ನೀನೇ ಆಮೇಲೆ ಹೇಳಿದ್ದೆ. ವಾರ, ತಿಂಗಳು, ಮಗ್ಗಿ, ಎಲ್ಲ. ಕಾಗದದ ಮಾತು ಬಂದಾಗ ಮಾತ್ರ ಮೇಜು ಬಡಿದು ಕೂಗಿದರಂತೆ. ಮನೆಯವರು ಹೇಳಿದ್ದನ್ನು ಕೇಳಿ ಡಾಕ್ಟರು ಗುಳಿಗೆ ಬರೆದರು. ಮನೆಯವರು ಅಂದರೆ ನೀನು. ನೀನು ಅಂದರೆ ನಾನು. ನೀನು ಅವರನ್ನು ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದೆ. ಎರಡು ಸಲ ಅವರು ಬಸ್ ಹತ್ತಿ ನಮ್ಮೂರಿಗೆ ಕಾಗದ ಹುಡುಕಲು ಹೊರಟದ್ದರಿಂದ, ನೀನು ಕಲಿಸಲು ಸಾಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಬೇಕಾಯಿತು.

ಅವರು ತೀರಿಕೊಳ್ಳುವ ಮೂರು ತಿಂಗಳ ಮೊದಲು ನಾನು ನಿಮ್ಮ ಮನೆಗೆ ಬಂದಿದ್ದೆ. ಯಾಕೆ ಬಂದೆ? ನೋಡಲು. ಎಷ್ಟಾಗಿದೆ ಎಂದು ನೋಡಲು. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ಗುಳಿಗೆಯ ಮಂಪರಿನಲ್ಲಿ ಅವರ ಮುಖ ಉಬ್ಬಿತ್ತು, ಮಾತು ನಿಧಾನವಾಗಿತ್ತು. ನೀನು ಚಹಾ ಮಾಡಲು ಒಳಗೆ ಹೋದೆ. ಅವರು ಒಳಗಿನ ಸಪ್ಪಳ ಕೇಳಿ, ನೀನು ದೂರವಿದ್ದೀಯೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ಬಾಗಿದರು.

"ಮಾಲತಿ, ಒಂದ ಮಾತ ಹೇಳ. ಕಾಗದ ಬ್ಯಾಡ ನನಗ. ಕಟ್ಟಡಾನೂ ಹೋತು, ಹೋಗ್ಲಿ. ಯಾರ ಮುಂದೂ ಹೇಳಾಂಗಿಲ್ಲ, ಗಂಗಾನ ಮುಂದೂ ಹೇಳಾಂಗಿಲ್ಲ. ನಾ ನಿನಗ ಕೊಟ್ಟಿದ್ನೋ ಇಲ್ಲೋ? ನನ್ನ ತಲಿ ನೆಟ್ಟಗೈತೋ ಇಲ್ಲೋ, ಅಷ್ಟ ಹೇಳಿಬಿಡ."

ಒಂದು ಮಾತು. 'ಕೊಟ್ಟಿದ್ರಿ' ಎನ್ನಲು ಎಷ್ಟು ಹೊತ್ತು ಬೇಕು? ಅದನ್ನು ಹೇಳಿದ್ದರೆ ನನಗೆ ಏನೂ ಹೋಗುತ್ತಿರಲಿಲ್ಲ. ಹುಚ್ಚನೆಂದು ಚೀಟಿ ಅಂಟಿದ ಮನುಷ್ಯನ ಮಾತನ್ನು ಯಾರು ನಂಬುತ್ತಿದ್ದರು? ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು, ಮಗ್ಗಿ ಒಪ್ಪಿಸಿ ಸರಿಯೋ ತಪ್ಪೋ ಎಂದು ಕಾಯುವ ಹುಡುಗರ ಹಾಗೆ.

"ಇಲ್ರಿ ಸರ್. ಕೊಟ್ಟಿಲ್ಲ," ಎಂದೆ.

ಅವರು ಹಿಂದಕ್ಕೆ ಸರಿದು ಕೂತರು. ಆಮೇಲೆ, "ಹಂಗಾರ ನಂದ ತಪ್ಪಾತು. ಬಜಾರದಾಗ ನಿಂತು ನಿನ್ನ ಹೆಸರ ಕೆಡಿಸಿದೆ. ಕ್ಷಮಾ ಮಾಡವಾ" ಎಂದರು.

"ಇರ್ಲಿ ಬಿಡ್ರಿ ಸರ್," ಎಂದೆ. ನೀನು ಚಹಾ ತಂದೆ. ಕುಡಿದೆ. ಅಂದಿನಿಂದ ಅವರು ಕಾಗದದ ಹೆಸರೆತ್ತಲಿಲ್ಲವೆಂದು, ಗುಳಿಗೆ ಹಿಡಿಯಿತೆಂದು, ನೀನು ಫೋನಿನಲ್ಲಿ ಸಂತೋಷದಿಂದ ಹೇಳಿದೆ.

ಕಟ್ಟಡದಲ್ಲಿ ಈಗ ಎಂಟು ಮನೆಗಳಿವೆ. ಮುಂದಿನ ಕಲ್ಲಿನ ಗೋಡೆ, ಕಮಾನುಗಳು ಹಾಗೇ ಇವೆ. ಅವನ್ನು ತೊಳೆದು, ದೀಪ ಹಾಕಿ, ಹಳೆಯ ಕಾಲದ ಅಂದವೆಂದು ಜಾಹೀರಾತು ಮಾಡಿದರು. ಒಳಗೆ ಹಾಲನ್ನೂ ಕೋಣೆಗಳನ್ನೂ ಸಿಮೆಂಟಿನ ಗೋಡೆಗಳಿಂದ ಸೀಳಿದ್ದಾರೆ. ಒಂದು ಕಮಾನಿನ ಅರ್ಧ ನನ್ನ ಅಡುಗೆಮನೆಯಲ್ಲಿದೆ, ಇನ್ನರ್ಧ ಪಕ್ಕದವರ ಬಚ್ಚಲಲ್ಲಿ. ದಾನಿಯ ಹೆಸರು ಕೆತ್ತಿದ ಕಲ್ಲಿನ ಮೇಲೆ ಎಂಟೂ ಮನೆಗಳ ವಿದ್ಯುತ್ ಮೀಟರುಗಳನ್ನು ಕೂರಿಸಿದ್ದಾರೆ. ಕಟ್ಟೆಯ ಮೇಲೆ ಯಾರೂ ಕೂರದಂತೆ ಕಬ್ಬಿಣದ ಜಾಳಿಗೆ. ಮೊದಮೊದಲು ನಾಲ್ಕು ಗಂಟೆಗೆ ಒಬ್ಬಿಬ್ಬರು ಮುದುಕರು ಬಂದು ಜಾಳಿಗೆಯ ಹೊರಗೆ ನಿಂತು ಹೋಗುತ್ತಿದ್ದರು. ಕಾವಲುಗಾರ ಅಟ್ಟಿದ ಮೇಲೆ ಬರುವುದನ್ನು ನಿಲ್ಲಿಸಿದರು. ಅಟ್ಟು ಎಂದು ಸೊಸೈಟಿಯ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಬಿಲ್ಡರ್ ನನ್ನ ಹೆಸರಿಗೆ ಬರೆದುಕೊಟ್ಟ ಮನೆ ಅವನು ಅಂದು ಹೇಳಿದ ಜಾಗದಲ್ಲೇ ಇದೆ. ಗಾಳಿ ಚೆನ್ನಾಗಿ ಬರುತ್ತದೆ. ನಿದ್ದೆಯೂ ಚೆನ್ನಾಗಿ ಬಂತು, ಗಂಗಾ, ನಾಲ್ಕು ವರ್ಷ. ಪಶ್ಚಾತ್ತಾಪ ನನ್ನನ್ನು ತಿನ್ನುತ್ತಿತ್ತೆಂದು ಬರೆದರೆ ಅದು ಇನ್ನೊಂದು ಸುಳ್ಳು.

ಹೋದ ತಿಂಗಳು ನಿನ್ನ ಫೋನು ಬಂತು.

ಉತ್ತರಪತ್ರಿಕೆಗಳ ಚೀಲವನ್ನು ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಬಿಟ್ಟು ಇಳಿದೆ ಎಂದೆ. ಒಲೆಯ ಮೇಲೆ ಹಾಲು ಮರೆತೆ ಎಂದೆ. ನಿನ್ನ ದನಿ ಸಣ್ಣಗಾಗಿತ್ತು. "ಅಕ್ಕಾರ, ಅಪ್ಪನ ರೋಗ ನನಗೂ ಬಂದೈತ್ರಿ. ನೌಕರಿ ಬಿಡಬೇಕಂತ ಮಾಡೇನಿ. ಮಗಳನ್ನ ನೋಡಿ ಹೋದ ಹಿಪ್ಪರಗಿಯವ್ರೂ, ಮನೆತನದಾಗ ತಲಿ ರೋಗ ಐತಂತಲ್ಲ ಅಂತ ಸುಮ್ಮನಾಗ್ಯಾರ." ಆಮೇಲೆ ಕೇಳಿದೆ, "ಅಪ್ಪಂದು ಮೊದಲ ಹೆಂಗ ಚಾಲೂ ಆತ್ರಿ? ಡಾಕ್ಟರ್ ಎಲ್ಲಾ ಬರಕೊಂಡ ಬಾ ಅಂದಾರ. ಛತ್ರಿ ಮರೆಯಾಕತ್ತಿದ್ದ, ಅದರಿಂದ ಅಲ್ಲೇನ್ರಿ?"

ನಾನು ಏನು ಹೇಳಿದೆ ನಿನಗೆ ನೆನಪಿದೆ. "ಹೌದವಾ, ಛತ್ರಿಯಿಂದನ ಚಾಲೂ ಆತು" ಎಂದೆ. ಯೋಚಿಸಲೂ ಇಲ್ಲ. ನಾಲಗೆ ತಾನಾಗಿ ಹೇಳಿತು. ನೀನು ಬರೆದುಕೊಳ್ಳುವ ಸಪ್ಪಳ ಕೇಳಿಸಿತು — ಪೆನ್ನಿನ ಸಪ್ಪಳ.

ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅನ್ನಕ್ಕೆ ಅಕ್ಕಿ ತೆಗೆದುಕೊಂಡೆ. ಅಕ್ಕಿ ತೊಳೆಯುತ್ತ ತೊಳೆಯುತ್ತ ಕೈ ನಿಂತುಹೋಯಿತು. ಮಾಸ್ತರರಿಗೆ ಮಾಡಿದ್ದನ್ನು ಮಾಡುವಾಗ ನನಗೊಂದು ಮನೆ ಬೇಕಿತ್ತು. ನಿನಗೆ ಇದನ್ನು ಮಾಡುವಾಗ ಏನು ಬೇಕಿತ್ತು? ಏನೂ ಇಲ್ಲ. ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ಮಾಡಿದೆ. ಎರಡು ಜಡೆಯ ಹುಡುಗಿ, ನನ್ನ ಕೈಯಿಂದಲೇ ಮೊದಲ ಪುಸ್ತಕ ತಗೊಂಡವಳು — ಅವಳ ತಲೆಯ ಮೇಲೂ ಕೈ ಇಟ್ಟೆ, ಅಪ್ಪನ ತಲೆಯ ಮೇಲೆ ಇಟ್ಟ ಹಾಗೆ...

ಆದರೂ ಹನ್ನೊಂದು ದಿನ ಸುಮ್ಮನಿದ್ದೆ. ಹನ್ನೆರಡನೆಯ ದಿನ ಕಮಿಟಿಯ ಹಳೆಯ ವಕೀಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು, "ಎಂಟ ಮನಿ ಮಂದಿ ಅದಾರ್ರಿ ಅಲ್ಲಿ ಈಗ. ಮೂಲ ಕಾಗದನ ಇಲ್ಲ. ಏನ ಮಾಡಾಕ ಆಗ್ತೈತಿ?" ಎಂದರು. ಬರೆದುಕೊಳ್ಳಿ, ಸಹಿ ಮಾಡುತ್ತೇನೆ ಎಂದೆ. ಬರೆಸಿದರು, ಮಾಡಿದೆ. ಹೊರಡುವಾಗ ಅವರು ಬಾಗಿಲವರೆಗೆ ಬರಲಿಲ್ಲ. ದಾನಪತ್ರದಲ್ಲಿ ಇದ್ದದ್ದನ್ನು ನೆನಪಿದ್ದಷ್ಟು ಮತ್ತೆ ಬರೆದು ಅದರ ಜೊತೆಗಿಟ್ಟಿದ್ದೇನೆ. ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ. ಊರಿನವರು ತಿಳಿಯಲಿ. ಹಿಪ್ಪರಗಿಯವರಿಗೆ ಇದೇ ಪತ್ರದ ಒಂದು ಪ್ರತಿ ಕಳಿಸಿದ್ದೇನೆ, ನಿನ್ನನ್ನು ಕೇಳದೆ. ಈ ಮನೆಯನ್ನು ಬಿಡುತ್ತಿದ್ದೇನೆ. ಬಿಟ್ಟರೆ ಯಾವುದೂ ಸರಿಯಾಗುವುದಿಲ್ಲ, ಬಲ್ಲೆ.

ಇನ್ನೊಂದನ್ನೂ ಬಲ್ಲೆ. ಈ ಪತ್ರ ನಿನಗೆ ಬಿಡುಗಡೆ ಕೊಡುತ್ತದೆಂದು ನಾನು ನಟಿಸಲಾರೆ. ರೋಗದ ಭಯ ಹೋದ ಜಾಗದಲ್ಲಿ ಬೇರೊಂದು ಬಂದು ಕೂರುತ್ತದೆ. ತಲೆ ನೆಟ್ಟಗಿದ್ದ ಅಪ್ಪನಿಗೆ ಗುಳಿಗೆ ನುಂಗಿಸಿದೆ, ಹೊರಗಿನಿಂದ ಚಿಲಕ ಹಾಕಿದೆ, ನಿಜ ಹೇಳುತ್ತಿದ್ದವನನ್ನು 'ಸುಮ್ನಿರಪಾ' ಎಂದು ಸುಮ್ಮನಾಗಿಸಿದೆ — ಇದೆಲ್ಲ ಇನ್ನು ನಿನ್ನ ಪಾಲಿಗೆ ಬರುತ್ತದೆ. ಹೇಳದಿದ್ದರೆ ಒಂದು ಕ್ರೌರ್ಯ, ಹೇಳಿದರೆ ಇನ್ನೊಂದು. ಎರಡರಲ್ಲಿ ನಾನು ಆರಿಸಿಕೊಂಡದ್ದು ಇದನ್ನು. ಕ್ಷಮೆ ಕೇಳುವುದಿಲ್ಲ. ನಿನ್ನ ಅಪ್ಪನಿಂದ ಕ್ಷಮೆ ಕೇಳಿಸಿಕೊಂಡವಳು ನಾನು.

ಸೋಮವಾರ ವಿಜಯಪುರಕ್ಕೆ ಹೋಗುತ್ತೀಯಲ್ಲ, ಈ ಪತ್ರವನ್ನು ತೆಗೆದುಕೊಂಡು ಹೋಗು. ಪರೀಕ್ಷೆಗಳನ್ನೆಲ್ಲ ಮಾಡಿಸಿಕೋ, ನಿನಗೆ ಏನಾಗಿದೆ, ಆಗಿಲ್ಲ ಎಂಬುದನ್ನು ಡಾಕ್ಟರು ಹೇಳಲಿ, ನಾನಲ್ಲ. ಆದರೆ ಅಂದು ಫೋನಿನಲ್ಲಿ ನನ್ನ ಮಾತು ಕೇಳಿ ಬರೆದುಕೊಂಡ ಹಾಳೆಯನ್ನು ಹರಿದು ಹಾಕು. ನಿನ್ನ ತಂದೆಯ ಕಾಯಿಲೆ ಯಾವುದರಿಂದ ಶುರುವಾಯಿತು ಎಂದು ಅವರು ಮತ್ತೆ ಕೇಳಿದರೆ, ಮಾಲತಿ ಎಂಬ ಹೆಂಗಸಿನಿಂದ ಎಂದು ಹೇಳು.